ಕಣಕ್ಕೆ ನೆರಳೆಲ್ಲಿಂದ ಬಂತು?

2023ರ ನವೆಂಬರ್ ಹೊತ್ತಿಗೆ ನಾನು ಭೂಮಾಪನ ಇಲಾಖೆಯ ಸೂಪರ್‌ವೈಸರ್ ಹುದ್ದೆಯಿಂದ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಶಿವಮೊಗ್ಗದಲ್ಲಿ ನವುಲೆ ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ಉಪಗ್ರಹ ಚಿತ್ರಗಳನ್ನು ಓದುವುದು ಹೇಗೆ ಎಂದು ಪಾಠ ಹೇಳುವ ಗುತ್ತಿಗೆ ಕೆಲಸ ಸಿಕ್ಕಿತ್ತು. ರವೀಂದ್ರನಗರದ ಮನೆಯಲ್ಲಿ ಕೂತು ಟಿವಿ ನೋಡುವ ಹೆಂಗಸು ನಾನಲ್ಲ, ಹಾಗಾಗಿ ಒಪ್ಪಿಕೊಂಡೆ.

ಇಲಾಖೆಯಲ್ಲಿ ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ಅನುಮಾನದ ಅಮ್ಮ’ ಎನ್ನುತ್ತಿದ್ದರು. ನನಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಹದ್ದುಬಸ್ತು ಎಂದರೆ ಜಮೀನಿನ ಗಡಿ ಅಳೆದು ಗುರುತು ಮಾಡುವ ಕೆಲಸ. ಆ ಕೆಲಸದಲ್ಲಿ ಮೂವತ್ತು ವರ್ಷ ಕಳೆದವರಿಗೆ ಮನುಷ್ಯರ ಮಾತಿಗಿಂತ ಕಲ್ಲಿನ ಮೇಲೆ ನಂಬಿಕೆ, ಆ ಕಲ್ಲಿನ ಮೇಲೂ ಅರ್ಧ ನಂಬಿಕೆ. ರಾತ್ರೋರಾತ್ರಿ ಕಲ್ಲು ಕಿತ್ತು ನಾಲ್ಕು ಅಡಿ ಆಚೆ ನೆಟ್ಟು, ಬೆಳಿಗ್ಗೆ ನನಗೇ ಕಾಫಿ ಕೊಟ್ಟು ಉಪಚರಿಸಿದವರನ್ನು ನೋಡಿದ್ದೇನೆ. ಹಾಲಿನವನು ‘ಗಟ್ಟಿ ಹಾಲು’ ಎಂದರೆ ನಾನು ಪಾತ್ರೆ ಅಲ್ಲಾಡಿಸಿ ನೋಡುವವಳು.

ಈ ಸ್ವಭಾವವೇ ನನ್ನನ್ನು ಅಂತರ್ಜಾಲದ ಒಂದು ಬಳಗಕ್ಕೆ ಸೇರಿಸಿತು. ಜಗತ್ತಿನ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ಒಂದು ನಕ್ಷೆ ಅಂತರ್ಜಾಲದಲ್ಲಿದೆ. ಎಲ್ಲಾದರೂ ಪ್ರವಾಹವೋ ಭೂಕಂಪವೋ ಆದರೆ ಆ ಬಳಗದವರು ತಂತಮ್ಮ ಮನೆಗಳಲ್ಲೇ ಕೂತು, ಉಪಗ್ರಹ ಚಿತ್ರ ನೋಡಿಕೊಂಡು, ಆ ಪ್ರದೇಶದ ಮನೆ, ಕಾಲುದಾರಿ, ಹಳ್ಳಗಳನ್ನು ನಕ್ಷೆಗೆ ಏರಿಸುತ್ತಾರೆ. ಇಡೀ ಪ್ರದೇಶವನ್ನು ಸಣ್ಣ ಸಣ್ಣ ಚೌಕಗಳಾಗಿ ಮಾಡಿ ಒಬ್ಬೊಬ್ಬರಿಗೆ ಒಂದೊಂದನ್ನು ಕೊಡುತ್ತಾರೆ. ಅವರು ಬರೆದದ್ದನ್ನು ಅನುಭವಸ್ಥರೊಬ್ಬರು ಪರೀಕ್ಷಿಸಿ ‘ಸರಿ’ ಎಂದು ಒಪ್ಪಬೇಕು. ಈ ಪರೀಕ್ಷಕರಿಗೆ ವ್ಯಾಲಿಡೇಟರ್ ಎನ್ನುತ್ತಾರೆ. ಊರಿನವರ ಕೆಲಸದಲ್ಲಿ ತಪ್ಪು ಹುಡುಕಲು ಅಧಿಕಾರ ಕೊಟ್ಟರೆ ನಾನು ಬೇಡ ಎನ್ನುತ್ತೇನೆಯೇ?

ಆ ನವೆಂಬರ್ ಮೊದಲ ವಾರದಲ್ಲಿ ಪಶ್ಚಿಮ ನೇಪಾಳದ ಗುಡ್ಡಗಾಡಿನಲ್ಲಿ ಭೂಕಂಪವಾಯಿತು. ಜನ ಮಲಗಿದ್ದ ಹೊತ್ತು. ಕಲ್ಲು ಮಣ್ಣಿನ ಮನೆಗಳು ಮಲಗಿದ್ದವರ ಮೇಲೇ ಕುಸಿದವು. ಬಳಗದಿಂದ ಕರೆ ಬಂತು. ಕಠ್ಮಂಡುವಿನಲ್ಲಿದ್ದ ಸರಿತಾ ಎಂಬ ಹೆಣ್ಣುಮಗಳು ಈ ಕೆಲಸದ ಸಂಯೋಜಕಿ. ಪರಿಹಾರ ವಾಹನಗಳು ಎಲ್ಲಿಗೆ ಮೊದಲು ಹೋಗಬೇಕು ಎಂಬುದನ್ನು ಅಲ್ಲಿನ ತಂಡದವರು ನಮ್ಮ ನಕ್ಷೆ ನೋಡಿ ತೀರ್ಮಾನಿಸುತ್ತಿದ್ದರು. ದಾರಿಗಳ ಮೇಲೆ ಗುಡ್ಡ ಜಾರಿತ್ತು, ವಾಹನಗಳು ಕಡಿಮೆ. ಹಾಗಾಗಿ ಪ್ರತಿ ಕೇರಿಗೂ ನಾವು ಒಂದು ಗುರುತು ಹಾಕಬೇಕಿತ್ತು: ‘ಮನೆ ಬಿದ್ದಿದೆ’, ‘ಜನ ಹೊರಗಿದ್ದಾರೆ’, ಇಲ್ಲವೇ ‘ಹಾನಿ ಕಾಣುವುದಿಲ್ಲ’. ಮೂರನೆಯ ಗುರುತು ಬಿದ್ದ ಕೇರಿಗೆ ಕೊನೆಯ ಸರದಿ.

ನಮ್ಮ ಕೇಂದ್ರದ ವಿದ್ಯಾರ್ಥಿಗಳು ಉತ್ಸಾಹದಿಂದ ಕೂತರು. ಅವರಿಗೆ ದಾರಿ ತೋರಿಸಿದವರು ನನ್ನ ಸಹೋದ್ಯೋಗಿ ಗಿರೀಶ. ಸೋಗಾನೆಯವರು, ಅಡಿಕೆ ಬೆಳೆಗಾರರ ಮನೆತನ. ಕಂಪ್ಯೂಟರ್ ಮುಂದೆ ಕೂತರೆ ಊಟ ಮರೆಯುವ ಮನುಷ್ಯ. ಭೂಕಂಪದ ನಂತರ ತೆಗೆದ ಹೊಸ ಉಪಗ್ರಹ ಚಿತ್ರಗಳು ಬಂದಾಗ ಒಬ್ಬ ಹುಡುಗಿ ಕೇಳಿದಳು, “ಸರ್, ಮನೆ ಪಕ್ಕ ನೀಲಿ ಚೌಕ ಚೌಕ ಕಾಣುತ್ತಲ್ಲ, ಅದೇನು?”

ಗಿರೀಶ ನಕ್ಕುಬಿಟ್ಟರು. “ಇದೂ ಕೇಳ್ಬೇಕಾ ಮಾರಾಯ್ತಿ? ನವೆಂಬರ್ ತಿಂಗಳು. ನಿಮ್ಮನೆ ಅಂಗಳದಲ್ಲಿ ಏನಿದೆ ಈಗ? ಕಣ. ಟಾರ್ಪಾಲ್ ಹಾಸಿ ಬೆಳೆ ಒಣಗಿಸ್ತಿದಾರೆ ಅಷ್ಟೇ.”

ಯಾರಿಗೂ ಎರಡನೇ ಯೋಚನೆ ಬರಲಿಲ್ಲ. ಬರುವುದಾದರೂ ಹೇಗೆ? ನವೆಂಬರಿನಲ್ಲಿ ಶಿವಮೊಗ್ಗದಿಂದ ಯಾವ ಕಡೆ ಹೊರಟರೂ ನೀಲಿ ಟಾರ್ಪಾಲಿನ ಮೇಲೆ ಅಡಿಕೆ, ಇಲ್ಲವೇ ಅರ್ಧ ರಸ್ತೆಗೆ ಹರಡಿದ ಮೆಕ್ಕೆಜೋಳ. ಬಸ್ಸಿನವರೇ ಬದಿಗೆ ಸರಿದು ಹೋಗುತ್ತಾರೆ. ಟಾರ್ಪಾಲು ಕಂಡರೆ ಸುಗ್ಗಿ, ಸುಗ್ಗಿ ಎಂದರೆ ಮನೆಯವರು ಕ್ಷೇಮ. ಗಿರೀಶ ಬಳಗದ ಸೂಚನೆಗಳ ಕೆಳಗೆ ಇದನ್ನೂ ಒಂದು ಸಾಲಾಗಿ ಸೇರಿಸಿದರು, ಹುಡುಗರು ಸರಸರನೆ ‘ಕಣ’ ಎಂದು ಗುರುತು ಹಾಕುತ್ತ ಹೋದರು. ಹಳೆಯ ಚಿತ್ರದಲ್ಲಿದ್ದ ಚಾವಣಿಗಳು ಹೊಸದರಲ್ಲೂ ಹಾಗೇ ಇದ್ದವು. ಚಾವಣಿ ಇದೆ, ಪಕ್ಕದಲ್ಲಿ ಕಣ ಇದೆ. ಹಾನಿ ಕಾಣುವುದಿಲ್ಲ. ಪರೀಕ್ಷಕಿಯಾಗಿ ನಾನೂ ಒಪ್ಪಿಗೆ ಒತ್ತಿದೆ.

ಮಾರನೆಯ ದಿನ ನನ್ನ ಕಿವಿ ನೆಟ್ಟಗಾದದ್ದು ಬೇರೆಯದೇ ಕಾರಣಕ್ಕೆ. ನಾನು ಒಪ್ಪಿದ್ದ ಒಂದು ಕೇರಿಯಲ್ಲಿ ಯಾರೋ ಕೈಯಾಡಿಸಿದ್ದರು. ನಮ್ಮ ‘ಕಣ’ಗಳನ್ನೆಲ್ಲ ಅಳಿಸಿ ಹಾಕಿ, ಪಕ್ಕದ ಇಳಿಜಾರಿನಲ್ಲಿ ಏನೂ ಇಲ್ಲದ ಕಡೆ ಮನೆಗಳನ್ನು ಬರೆದು, ಅವುಗಳ ಮೇಲೆಲ್ಲ ‘ಮನೆ ಬಿದ್ದಿದೆ’ ಎಂದು ಗುರುತು ಒತ್ತಿದ್ದರು. ನಾನು ದೊಡ್ಡದು ಮಾಡಿ ನೋಡಿದೆ. ಮನೆ ಎಂದು ಬರೆದ ಜಾಗದಲ್ಲಿದ್ದದ್ದು ಬಂಡೆಗಳು. ಖಾತೆಯ ಹೆಸರು ‘ದಿಲ್ ಭದ್ರಾವತಿ’. ಹಿಂದಿನ ದಿನವಷ್ಟೇ ತೆರೆದ ಖಾತೆ. ಇಡೀ ಜಗತ್ತಿನ ನಕ್ಷೆಯಲ್ಲಿ ಅವನು ಮುಟ್ಟಿದ್ದು ಅದೊಂದೇ ಕೇರಿಯನ್ನು.

ಇಲಾಖೆಯಲ್ಲಿ ಇಂಥವರನ್ನು ನಾನು ಬೇಕಾದಷ್ಟು ನೋಡಿದ್ದೆ. ಊರಿನ ಎಲ್ಲ ಜಮೀನಿನ ಅಳತೆ ನಡೆಯುವಾಗ ಒಂದೇ ಸರ್ವೆ ನಂಬರಿಗೆ ಬಂದು ಕಿರುಚಾಡುವವನಿಗೆ ಅಲ್ಲೇನೋ ಹಿತಾಸಕ್ತಿ ಇರುತ್ತದೆ. ಇವನು ಪರಿಹಾರದ ಗಾಡಿಯನ್ನು ಯಾರದೋ ಬಾಗಿಲಿಗೆ ತಿರುಗಿಸಲು ಹೊರಟವನು ಎಂದುಕೊಂಡೆ. ಅವನು ಬರೆದದ್ದನ್ನೆಲ್ಲ ರದ್ದು ಮಾಡಿ ನಮ್ಮದನ್ನು ಮತ್ತೆ ಕೂರಿಸಿದೆ.

ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಅವನು ಮತ್ತೆ ಅಳಿಸಿದ್ದ. ನಾನು ಮತ್ತೆ ಕೂರಿಸಿದೆ. ಅವನೂ ಪಟ್ಟು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಬಳಗದ ಮಾತುಕತೆಯ ಪುಟದಲ್ಲಿ ಅವನ ಸಂದೇಶ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: “ಮೇಡಂ ಯಾಕೆ ಅಳಿಸ್ತೀರಿ. ಅದು ನಮ್ಮ ಊರು. ಎಲ್ಲಾರೂ ಹೊರಗೆ ಇದಾರೆ. ನನ್ನ ಮಗಳು ಕಾಲು ಮುರಿದಿದೆ. ಚಳಿ ಇದೆ. ಗಾಡಿ ಬರಲ್ಲ ಅಂತಾರೆ ನಿಮ್ಮ ನಕ್ಷೆ ನೋಡಿ.”

ಗಿರೀಶ ಓದಿ, “ಮೇಡಂ, ನಿಜ ಇದ್ರೂ ಇರಬಹುದು” ಅಂದರು.

“ಇರಬಹುದು,” ಅಂದೆ. “ಆದರೆ ಇಂಥ ಹೊತ್ತಲ್ಲಿ ಬರೋ ಪ್ರತಿ ಸುಳ್ಳು ಸಂದೇಶದಲ್ಲೂ ಒಂದು ಮಗು ಇದ್ದೇ ಇರುತ್ತೆ ಮಾರಾಯ. ನೇಪಾಳದವನು ಕನ್ನಡದಲ್ಲಿ ಯಾಕೆ ಬರೀತಾನೆ? ಬಂಡೆನ ಮನೆ ಅಂತ ಯಾಕೆ ಬರೀತಾನೆ?”

ಕ್ರೂರವಾಗಿ ಕೇಳಿಸಬಹುದು. ಆದರೆ ಸುಳ್ಳನ ಮಾತು ಕೇಳಿ ಗಾಡಿ ಅತ್ತ ತಿರುಗಿದರೆ, ನಿಜವಾಗಿ ಬಿದ್ದ ಮನೆಯ ಕೆಳಗಿರುವವನ ಗತಿ ಏನು? ನನ್ನ ತಲೆಯಲ್ಲಿದ್ದದ್ದು ಅದು. ಅವನಿಗೆ ಫೋನ್ ನಂಬರ್ ಕೊಡು ಎಂದೆ, ಕೂಡಲೇ ಕೊಟ್ಟ. ಕರೆ ಮಾಡಿದೆ. ಭದ್ರಾವತಿಯಲ್ಲಿದ್ದೇನೆ, ಕಾರ್ಖಾನೆ ಕ್ವಾರ್ಟರ್ಸ್ ಕಡೆ ರಾತ್ರಿ ಗಸ್ತು ಮಾಡುವ ಗೂರ್ಖಾ, ಹೆಸರು ದಿಲ್ ಬಹದ್ದೂರ್ ಎಂದ. ವಿಡಿಯೋದಲ್ಲಿ ಮುಖ ತೋರಿಸುತ್ತೇನೆ ಎಂದ. ನನಗೆ ವಿಡಿಯೋದಲ್ಲಿ ಮುಖ ನೋಡಿ ನಂಬುವ ಅಭ್ಯಾಸವಿಲ್ಲ. ಜಾಗಕ್ಕೇ ಹೋಗಿ ನೋಡುವುದು ನನ್ನ ಕ್ರಮ. ಬೆಳಿಗ್ಗೆ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಭದ್ರಾವತಿ ಬಸ್ ಹತ್ತಿದೆ. ಗಿರೀಶರೂ ಜೊತೆಗೆ ಬಂದರು.

ದಾರಿಯುದ್ದಕ್ಕೂ ಕಿಟಕಿಯಾಚೆ ಟಾರ್ಪಾಲುಗಳೇ. ಗಿರೀಶ ಒಂದೊಂದನ್ನೂ ನೋಡಿ ಯಾರ ಮನೆಯ ಅಡಿಕೆ ಬೇಗ ಒಣಗುತ್ತಿದೆ ಎಂದು ಹೇಳುತ್ತಿದ್ದರು. ನನ್ನ ಗಮನ ಅತ್ತ ಇರಲಿಲ್ಲ. ಅವನನ್ನು ಹೇಗೆ ಸಿಕ್ಕಿಸಬೇಕು ಎಂಬ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಅವನು ಹೇಳಿದ್ದ ಟೀ ಅಂಗಡಿ ಭದ್ರಾ ಸೇತುವೆ ದಾಟಿದ ಮೇಲೆ ಒಂದು ತಿರುವಿನಲ್ಲಿತ್ತು. ಅಂಗಡಿಯ ಹೆಂಗಸು ಸೆಲ್ವಿ, ತಮಿಳು ಮನೆಮಾತಿನವಳು. ನಾನು ಬಹದ್ದೂರ್ ಎಲ್ಲಿ ಎಂದು ಕೇಳಿದ್ದೇ ತಡ, ಅವಳ ಮುಖ ಗಂಟಿಕ್ಕಿತು.

“ಯಾರಮ್ಮಾ ನೀವು? ಸ್ಟೇಷನ್‌ನಿಂದ ಬಂದ್ರಾ?”

“ಅಲ್ಲ. ಸರ್ವೆ ಇಲಾಖೆ. ಈಗ ರಿಟೈರು.”

“ಸರ್ವೆಯವರಿಗೆ ನಮ್ಮ ಬಹದ್ದೂರ್ ಹತ್ರ ಏನು ಕೆಲಸ? ಅವನಿಗೆ ಇಲ್ಲಿ ಒಂದು ಅಡಿ ಜಾಗ ಇಲ್ಲ. ಪಾಪ, ಅನ್ನ ತಿಂದು ಎರಡು ದಿನ ಆಯ್ತು. ತೊಂದ್ರೆ ಕೊಡ್ಬೇಡಿ ಅವನಿಗೆ.” ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಅಪರೂಪಕ್ಕೆ ನನ್ನ ಅನುಮಾನದ ಜಾತಿಯ ಹೆಂಗಸೊಬ್ಬಳು ಸಿಕ್ಕಳು ಅನ್ನಿಸಿತು.

ಹಿಂದಿನ ಕೋಣೆಯಿಂದ ಅವನೇ ಬಂದ. ನಲವತ್ತರ ಆಸುಪಾಸು, ಕುಳ್ಳ ಮನುಷ್ಯ, ಕಣ್ಣು ಕೆಂಪಗಿದ್ದವು. ನಮಸ್ಕಾರ ಮಾಡಿ ಬೆಂಚಿನ ತುದಿಯಲ್ಲಿ ಕೂತ. ಭದ್ರಾವತಿಗೆ ಬಂದು ಹದಿನೆಂಟು ವರ್ಷವಾಯಿತಂತೆ. ಹೆಂಡತಿಯೂ ಏಳು ವರ್ಷದ ಮಗಳು ಅಸ್ಮಿತಾಳೂ ಊರಿನಲ್ಲೇ ಇದ್ದಾರೆ. ಮನೆ ಊರಿನ ಮೇಲಿನ ಕೇರಿಯಲ್ಲಿ. ಭೂಕಂಪವಾದ ಮಾರನೆಯ ದಿನ ಪಕ್ಕದ ಮನೆಯವನೊಬ್ಬನ ಫೋನು ಅರೆಕ್ಷಣ ತಾಗಿತ್ತು: ಇಬ್ಬರೂ ಬದುಕಿದ್ದಾರೆ, ಹುಡುಗಿಯ ಕಾಲು ಗೋಡೆಯಡಿ ಸಿಕ್ಕಿ ಮುರಿದಿದೆ, ಹೊರಗೆ ಮಲಗಿಸಿದ್ದೇವೆ. ಅಷ್ಟರಲ್ಲಿ ಕಡಿದುಹೋಯಿತು. ಆಮೇಲೆ ಯಾರ ಫೋನೂ ತಾಗಿಲ್ಲ. ಪರಿಹಾರ ತಂಡಕ್ಕೆ ಬೆಂಗಳೂರಿನ ನೇಪಾಳಿ ಹುಡುಗರು ಕೇಳಿದರೆ, ‘ನಕ್ಷೆಯಲ್ಲಿ ಆ ಕೇರಿಗೆ ಹಾನಿಯಿಲ್ಲ’ ಎಂಬ ಉತ್ತರ. ಆ ಹುಡುಗರೇ ನಕ್ಷೆ ತಿದ್ದುವುದನ್ನು ಫೋನಿನಲ್ಲಿ ಇವನಿಗೆ ಕಲಿಸಿದ್ದರು.

ನಾನು ಲ್ಯಾಪ್‌ಟಾಪ್ ತೆರೆದು ಅವನು ಬರೆದ ಬಂಡೆಗಳನ್ನು ತೋರಿಸಿದೆ. “ಇಲ್ಲಿ ನಿನ್ನ ಮನೆ ಯಾವುದು?”

ಅವನು ಬಹಳ ಹೊತ್ತು ನೋಡಿದ. ಬೆರಳು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. “ಇದು... ಅಲ್ಲ, ಇದು. ಮೇಡಂ, ಮೇಲಿಂದ ನಾನು ಯಾವತ್ತೂ ನೋಡಿಲ್ಲ ನಮ್ಮೂರು. ಶಾಲೆ ಯಾವುದು ಗೊತ್ತಾಗ್ತಿಲ್ಲ.”

ಸೊಂಟ ಸೆಟೆದು ಕೂತೆ. ತನ್ನ ಮನೆಯನ್ನೇ ಗುರುತಿಸಲಾರದವನು! ಗಿರೀಶ ನನ್ನ ಮುಖ ನೋಡಿದರು. ಫೋಟೋ ಇದೆಯೇ ಎಂದೆ. ತೋರಿಸಿದ. ಕುಸಿದ ಕಲ್ಲಿನ ಗೋಡೆ, ಮುಂದೆ ಮುದುಕಿ. ಯಾರು ಕಳಿಸಿದ್ದು ಎಂದರೆ, ಅವರ ಜಿಲ್ಲೆಯವರ ಗುಂಪಿನಲ್ಲಿ ಬಂದದ್ದು ಎಂದ. ಯಾವ ಊರು? ಗೊತ್ತಿಲ್ಲ. ಇಂಥ ಫೋಟೋ ಎಷ್ಟು ಭೂಕಂಪಗಳಲ್ಲಿ ಎಷ್ಟು ಸಲ ಸುತ್ತಾಡಿದೆಯೋ ಬಲ್ಲವರಾರು. ಅವನ ಕಡೆಯ ಸಾಕ್ಷಿಯೆಲ್ಲ ಪೊಳ್ಳು. ಉಳಿದದ್ದು ಆ ಕೆಂಪು ಕಣ್ಣುಗಳು. ಅವನ್ನೂ ನಾನು ನಂಬಲಿಲ್ಲ. ನಿಜವಾಗಿ ಅಳುವ ಕಕ್ಷಿದಾರರೂ ಕಲ್ಲು ಕಿತ್ತದ್ದನ್ನು ನಾನು ನೋಡಿದ್ದೇನೆ.

ಕಡೆಗೆ, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಪ್ರಶ್ನೆಯನ್ನು ಬಿಟ್ಟೆ. ಇವನು ನಿಜವಾಗಿ ಆ ಊರಿನ ರೈತನ ಮಗನಾದರೆ ಉತ್ತರ ಹೇಳಲೇಬೇಕಾದ ಪ್ರಶ್ನೆ. “ಈ ತಿಂಗಳು ನಿಮ್ಮೂರಲ್ಲಿ ಟಾರ್ಪಾಲ್ ಹಾಸಿ ಏನು ಒಣಗಿಸ್ತಾರೆ?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಟಾರ್ಪಾಲ್ ಹಾಸಿ? ಇಲ್ಲ ಮೇಡಂ. ಮೆಕ್ಕೆಜೋಳ ಆಗ್ಲೇ ಬಂದಿರುತ್ತೆ, ಅದನ್ನ ತೆನೆ ಸಮೇತ ಜಡೆ ಹಾಕಿ ಸೂರಿಗೆ ನೇತಾಕ್ತೀವಿ. ರಾಗಿಗೆ ಅಂಗಳ ಸಗಣಿ ಬಳೀತೀವಿ, ಅದ್ರ ಮೇಲೇನೇ. ಟಾರ್ಪಾಲ್ ಮನೆಗೆ ಒಂದು ಇರುತ್ತೆ, ಸೌದೆ ಮೇಲೆ ಹೊದಿಸೋದಕ್ಕೆ. ನಿಮ್ ಥರ ನೆಲಕ್ಕೆ ಯಾರು ಹಾಸ್ತಾರೆ?”

ಗಿರೀಶರ ಕೈಯಲ್ಲಿದ್ದ ಟೀ ಲೋಟ ಹಾಗೇ ನಿಂತಿತು. “ಮೇಡಂ, ಹಾಗಾದ್ರೆ ಆ ನೀಲಿ ಚೌಕ?” ಅಂದರು.

ನನಗೆ ಈಗ ಅನುಮಾನ ಬಂದದ್ದು ಆ ನೀಲಿ ಚೌಕಗಳ ಮೇಲೆ. ಇವನು ಸುಳ್ಳು ಹೇಳುತ್ತಿದ್ದರೂ ಇರಬಹುದು, ಅದು ಬೇರೆ ಮಾತು. ಆ ಚೌಕಗಳು ಕಣ ಎಂದು ನಮಗೆ ಹೇಳಿದವರು ಯಾರು? ಚಿತ್ರ ಹೇಳಿರಲಿಲ್ಲ. ನಮ್ಮ ಶಿವಮೊಗ್ಗದ ಅಂಗಳ ಹೇಳಿತ್ತು. ಚಿತ್ರವನ್ನು ಆದಷ್ಟು ದೊಡ್ಡದು ಮಾಡಿದೆ. ಬಿಸಿಲಿಗೆ ಪರದೆ ಕಾಣದೆ ಸೆಲ್ವಿಯ ಹತ್ತಿರ ಒಂದು ಚೀಲ ಇಸಿದುಕೊಂಡು ಲ್ಯಾಪ್‌ಟಾಪಿಗೆ ಮರೆ ಮಾಡಿದೆ.

ಉಪಗ್ರಹ ಚಿತ್ರದಲ್ಲಿ ಎತ್ತರ ಕಾಣುವುದಿಲ್ಲ. ಮೇಲಿನಿಂದ ನೋಡಿದರೆ ಬಾವಿಯೂ ಬುಟ್ಟಿಯೂ ಒಂದೇ ದುಂಡು. ಎತ್ತರ ತಿಳಿಯಬೇಕಾದರೆ ನೆರಳು ನೋಡಬೇಕು. ಇದು ನಾನು ತರಗತಿಯ ಮೊದಲ ವಾರವೇ ಹೇಳಿಕೊಡುವ ಪಾಠ. ಚಿತ್ರ ತೆಗೆದದ್ದು ಬೆಳಗಿನ ಹೊತ್ತು, ಸೂರ್ಯ ಆಗ್ನೇಯಕ್ಕಿದ್ದ, ಮರಗಳ ನೆರಳು ವಾಯವ್ಯಕ್ಕೆ ಬಿದ್ದಿತ್ತು. ನೀಲಿ ಚೌಕಗಳ ವಾಯವ್ಯದ ಅಂಚನ್ನು ನೋಡಿದೆ. ಪ್ರತಿಯೊಂದಕ್ಕೂ ಒಂದು ಸಣ್ಣ ಕಪ್ಪು ಪಟ್ಟಿ ಅಂಟಿಕೊಂಡಿತ್ತು.

ನೆಲಕ್ಕೆ ಹಾಸಿದ ಟಾರ್ಪಾಲಿಗೆ ನೆರಳೆಲ್ಲಿಂದ ಬರಬೇಕು? ಅದನ್ನು ಯಾರೋ ಗಳ ನೆಟ್ಟು ಎತ್ತಿ ಕಟ್ಟಿದ್ದರು. ಕೆಳಗೆ ಮನುಷ್ಯರಿದ್ದರು.

“ಮನೆಗಳಿಗೇನಾಗಿದೆ ಹಾಗಾದ್ರೆ?” ಗಿರೀಶ ಕೇಳಿದರು. “ಚಾವಣಿ ಹಾಗೇ ಇದೆಯಲ್ಲ?”

ಅದನ್ನೂ ನೋಡಿದೆ. ಹಳೆಯ ಚಿತ್ರದ ನೆರಳಿಗೆ ಹೋಲಿಸಿದರೆ ಮೋಸ ಹೋಗುತ್ತೇವೆ, ಅದು ಬೇರೆ ತಿಂಗಳಲ್ಲಿ ತೆಗೆದದ್ದು, ಸೂರ್ಯನ ಜಾಗ ಬೇರೆ. ಹಾಗಾಗಿ ಅದೇ ಹೊಸ ಚಿತ್ರದಲ್ಲಿದ್ದ ಮರಗಳ ನೆರಳನ್ನೂ ಮನೆಗಳ ನೆರಳನ್ನೂ ಹೋಲಿಸಿದೆ. ಮರಗಳಿಗೆ ಉದ್ದ ನೆರಳು. ಮನೆಗಳ ಪಕ್ಕ ನೆರಳೇ ಇಲ್ಲವೆನ್ನುವಷ್ಟು ಸಣ್ಣ ಗೆರೆ. ಕಲ್ಲಿನ ಗೋಡೆಗಳು ಹೊರಕ್ಕೆ ಉರುಳಿ, ಚಾವಣಿ ಇದ್ದ ಆಕಾರದಲ್ಲೇ ನೆಟ್ಟಗೆ ಕೆಳಗೆ ಕೂತಿತ್ತು. ಮೇಲಿನಿಂದ ನೋಡಿದವರಿಗೆ ಮನೆ ಇದ್ದಂತೆಯೇ ಕಾಣುತ್ತಿತ್ತು.

ದಿಲ್ ನನ್ನನ್ನೇ ನೋಡುತ್ತಿದ್ದ. “ಸಿಕ್ತಾ ಮೇಡಂ? ನಮ್ಮನೆ ಸಿಕ್ತಾ?”

“ನಿಮ್ಮನೆ ಯಾವುದೋ ಗೊತ್ತಿಲ್ಲಪ್ಪ,” ಎಂದೆ. “ಕೇರಿ ಪೂರ್ತಿ ಹೊರಗಿದೆ.”

ಅವನು ಅಳಲಿಲ್ಲ. ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡು, “ಅದನ್ನೇ ಹೇಳ್ತಿದ್ದೆ ನಾನು” ಎಂದ. ಅಷ್ಟೇ. ಸೆಲ್ವಿ ನನ್ನ ಮುಂದಿದ್ದ ಆರಿದ ಟೀ ಲೋಟ ತೆಗೆದು ಬಿಸಿಯದೊಂದನ್ನು ಇಟ್ಟಳು.

ಅಲ್ಲೇ ಬೆಂಚಿನಿಂದ ಸರಿತಾಗೆ ಕರೆ ಮಾಡಿದೆ. ನಾವು ಇಂಗ್ಲಿಷಿನಲ್ಲಿ ಮಾತಾಡಿದೆವು. ವಿಷಯ ಹೇಳಿದೆ.

“ಮೊನ್ನೆ ನಿಮ್ಮ ಗುಂಪೇ ಹಾನಿಯಿಲ್ಲ ಎಂದಿತ್ತು,” ಎಂದಳು. “ನೀವೇ ಒಪ್ಪಿದ್ದೀರಿ. ಇವತ್ತು ಇಡೀ ಕೇರಿ ಬಿದ್ದಿದೆ ಎನ್ನುತ್ತಿದ್ದೀರಿ. ನಡುವೆ ಏನಾಯಿತು?”

“ಆ ಊರಿನವರೊಬ್ಬರನ್ನು ಭೇಟಿ ಮಾಡಿದೆ.”

“ಅವರು ನಿಮಗೆ ಏನಾಗಬೇಕು?”

ಮೂವತ್ತು ವರ್ಷ ನಾನು ಜನರಿಗೆ ಕೇಳಿದ ಪ್ರಶ್ನೆ ಅದೇ. ಈ ವ್ಯಕ್ತಿ ನಿಮಗೆ ಏನಾಗಬೇಕು? ನನಗೆ ಕೋಪ ಬಂತು. ಆದರೆ ಹುಡುಗಿ ತನ್ನ ಕೆಲಸ ಮಾಡುತ್ತಿದ್ದಳು. ಅವಳ ಹತ್ತಿರ ಇರುವುದು ಬೆರಳೆಣಿಕೆಯ ಗಾಡಿಗಳು, ಎಲ್ಲ ದಿಕ್ಕಿನಿಂದಲೂ ‘ನಮ್ಮೂರಿಗೆ ಬನ್ನಿ’ ಎಂಬ ಕರೆಗಳು. ಅವಳ ಜಾಗದಲ್ಲಿ ನಾನಿದ್ದರೆ ಫೋನು ಇಟ್ಟುಬಿಡುತ್ತಿದ್ದೆ.

“ನನ್ನನ್ನೂ ನಂಬಬೇಡ, ಅವನನ್ನೂ ನಂಬಬೇಡ,” ಎಂದೆ. “ನಿನ್ನ ಕಡೆ ಚಿತ್ರ ಓದುವವರು ಯಾರಾದರೂ ಇದ್ದರೆ ನೀಲಿ ಚೌಕದ ವಾಯವ್ಯ ಅಂಚು ನೋಡಲು ಹೇಳು. ಆಮೇಲೆ ಮರದ ನೆರಳು, ಮನೆಯ ನೆರಳು ಹೋಲಿಸಲು ಹೇಳು. ನೆರಳಿಗೆ ಭದ್ರಾವತಿಯಲ್ಲಿ ನೆಂಟರಿಲ್ಲ.”

ಅವಳು ನಗಲಿಲ್ಲ. ನೋಡಿ ಹೇಳುತ್ತೇನೆ ಎಂದು ಇಟ್ಟಳು. ನಾವು ಕಾದೆವು. ದಿಲ್ ಎದ್ದು ಅಂಗಡಿಯ ಮುಂದೆ ಅತ್ತಿಂದಿತ್ತ ನಡೆದ. ಗಿರೀಶ ಮಾತ್ರ ತಲೆಯೆತ್ತದೆ ಲ್ಯಾಪ್‌ಟಾಪ್ ತಮ್ಮ ಕಡೆ ಎಳೆದುಕೊಂಡು, ನಮ್ಮ ಹುಡುಗರು ‘ಕಣ’ ಎಂದು ಬರೆದ ಬೇರೆ ಕೇರಿಗಳನ್ನು ಒಂದೊಂದಾಗಿ ತೆರೆದು ನೆರಳು ನೋಡತೊಡಗಿದ್ದರು. ಆ ಒಂದು ಸಾಲಿನ ಸೂಚನೆ ಎಷ್ಟು ಕಡೆ ಹರಿದಾಡಿತ್ತು ಎಂಬುದು ನನಗೂ ಆಗಲೇ ಗೊತ್ತಾದದ್ದು. “ಎಲ್ಲಾ ಕಡೆ ಮೇಡಂ,” ಎಂದರು. “ನಾನು ಹೇಳಿದ ಕಡೆಯೆಲ್ಲಾ.”

“ಈಗ ಕೊರಗಬೇಡಿ, ತಿದ್ದಿ,” ಎಂದೆ. ಇಬ್ಬರೂ ಅಲ್ಲೇ ಕೂತು ತಿದ್ದಿದೆವು. ಸೆಲ್ವಿ ಬೇರೆ ಗಿರಾಕಿಗಳನ್ನು ಆಚೆ ಬೆಂಚಿಗೆ ಅಟ್ಟಿದಳು. ದಿಲ್ ತನ್ನ ಬಂಡೆಗಳನ್ನು ತಾನೇ ಅಳಿಸಿದ.

ಸರಿತಾಳ ಉತ್ತರ ಬಂದಾಗ ನಾವಿನ್ನೂ ಅಲ್ಲೇ ಇದ್ದೆವು. ಅವಳ ಕಡೆಯವರು ನೆರಳು ನೋಡಿದ್ದರು. ಮೇಲಿನ ಕೇರಿಯ ಕೆಳಗಿನ ರಸ್ತೆಯವರೆಗೆ ಒಂದು ಗಾಡಿ ಹೋಗುತ್ತದೆ, ಅಲ್ಲಿಂದ ವೈದ್ಯರು ನಡೆದು ಹತ್ತುತ್ತಾರೆ. ಉಳಿದ ಕೇರಿಗಳನ್ನೂ ಸರದಿಯಲ್ಲಿ ಮೇಲಕ್ಕೆ ತರುತ್ತೇವೆ. ಕೊನೆಗೆ ಒಂದು ಸಾಲು: ‘ತಪ್ಪಾಗಿದ್ದರೆ ನಿಮ್ಮ ಗುಂಪಿನ ಕೆಲಸವನ್ನು ನಾವು ಇನ್ನು ಬಳಸುವುದಿಲ್ಲ.’ ಸರಿಯಾದ ಮಾತು ಎಂದು ಗಿರೀಶರಿಗೆ ಓದಿ ಹೇಳಿದೆ.

ನಾನು ಬಸ್ಸಿನಲ್ಲಿ ಹಿಂದಿರುಗುವಾಗಲೂ ನನ್ನೊಳಗಿನ ಅನುಮಾನ ಪೂರ್ತಿ ಹೋಗಿರಲಿಲ್ಲ ಎಂದು ಹೇಳಲೇಬೇಕು. ನೆರಳು ನಿಜ, ಕೇರಿ ನಿಜ. ಅದು ಅವನ ಕೇರಿಯೇ ಎಂಬುದಕ್ಕೆ ಅವನ ಮಾತು ಬಿಟ್ಟರೆ ಬೇರೇನಿತ್ತು? ಮನೆಗೆ ಬಂದು ಊಟ ಮಾಡುವಾಗಲೂ ಅದೇ ಕೊರೆಯುತ್ತಿತ್ತು.

ಮಾರನೆಯ ದಿನ ಸಂಜೆ ತರಗತಿಯಲ್ಲಿದ್ದಾಗ ಅವನ ಫೋನು ಬಂತು. ಹಿಂದೆ ಗಾಳಿಯ ಸದ್ದು. ಬೇರೊಂದು ಫೋನನ್ನು ಅವನು ತನ್ನ ಫೋನಿನ ಬಾಯಿಗೆ ಹಿಡಿದಿದ್ದ. ಒಂದು ಮಗುವಿನ ದನಿ ನೇಪಾಳಿಯಲ್ಲಿ ಏನೋ ತಕರಾರು ಮಾಡುತ್ತಿತ್ತು, ಅಳುತ್ತಲೂ ಇತ್ತು. ಕಾಲಿಗೆ ಪಟ್ಟಿ ಕಟ್ಟಿ ಕೆಳಗೆ ಹೊತ್ತು ತಂದಿದ್ದಾರೆ, ನಾಳೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂದು ಅವನು ಹೇಳಿದ. “ಏನಂತಿದಾಳೆ?” ಎಂದು ಕೇಳಿದೆ. “ಪಟ್ಟಿ ಬಿಚ್ಚು ಅಂತಿದಾಳೆ ಮೇಡಂ, ಕಡೀತದಂತೆ” ಎಂದು ನಗಲು ಹೋಗಿ ಬಿಕ್ಕಿದ. ನನಗೂ ತಡೆಯಲಾಗಲಿಲ್ಲ. ಹುಡುಗರ ಎದುರಿಗೇ ಕಣ್ಣೊರೆಸಿಕೊಂಡೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಸಂತೋಷದಿಂದ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ವಾರ ಕಳೆದ ಮೇಲೆ ಸರಿತಾಗೆ ನಾನೇ ಬರೆದು ಕೇಳಿದೆ: ನಾವು ಕಣ ಎಂದು ಬರೆದಿದ್ದ ಉಳಿದ ಕೇರಿಗಳು ಏನಾದವು? ಅವಳು ಒಂದೊಂದರ ಬಗ್ಗೆಯೂ ತಾಳ್ಮೆಯಿಂದ ಬರೆದಳು. ಹೆಚ್ಚಿನ ಕಡೆ ತಂಡ ಹೊತ್ತಿಗೆ ತಲುಪಿತ್ತು. ಮೇಲಿನ ಕೇರಿಯ ಪಕ್ಕದ ದಿಣ್ಣೆಯಲ್ಲಿ ಒಂದು ಪುಟ್ಟ ಕೇರಿ, ಬೆರಳೆಣಿಕೆಯ ಮನೆಗಳು. ಅಲ್ಲಿಗೆ ಹೋಗುವಷ್ಟರಲ್ಲಿ, ಟಾರ್ಪಾಲಿನ ಕೆಳಗೆ ಮಲಗಿಸಿದ್ದ ಒಂದು ಹಸುಗೂಸು ಚಳಿಗೆ ತೀರಿಕೊಂಡಿತ್ತು. ಅದರ ಚೌಕವನ್ನು ತೆರೆದು ನೋಡಿದೆ. ನಮ್ಮ ವಿದ್ಯಾರ್ಥಿ ಬರೆದದ್ದು, ನಾನು ಒಪ್ಪಿದ್ದು, ಭದ್ರಾವತಿಯ ಬೆಂಚಿನ ಮೇಲೆ ತಿದ್ದಿದ್ದು. ಆ ನಡುವೆ ಅದನ್ನು ಒಬ್ಬರೂ ಮುಟ್ಟಿರಲಿಲ್ಲ.

ನಮ್ಮ ಇಲಾಖೆಯಲ್ಲಿ ಅಳತೆ ಮುಗಿದ ಮೇಲೆ ಅಕ್ಕಪಕ್ಕದವರಿಗೆ ನೋಟಿಸು ಕೊಡುತ್ತೇವೆ. ಆಕ್ಷೇಪಣೆ ಬಂದರೆ ವಿಚಾರಣೆ, ಬಾರದಿದ್ದರೆ ನಕ್ಷೆ ಕಾಯಂ. ಆಕ್ಷೇಪಣೆ ಹಾಕಿದವನನ್ನು ಅನುಮಾನಿಸಬೇಕು ಎಂದು ಈ ವೃತ್ತಿ ನನಗೆ ಮೊದಲು ಕಲಿಸಿತ್ತು. ಯಾರೂ ಆಕ್ಷೇಪಣೆ ಹಾಕದ ನಕ್ಷೆಯನ್ನು ಅದಕ್ಕಿಂತ ಹೆಚ್ಚು ಅನುಮಾನಿಸಬೇಕು ಎಂಬುದನ್ನು ಕಲಿಸಿದ್ದು ನಿವೃತ್ತಿಯ ನಂತರ. ಈಗ ಯಾವ ಅನಾಹುತದ ಕೆಲಸಕ್ಕೆ ಕೂತರೂ ನನ್ನ ವಿದ್ಯಾರ್ಥಿಗಳನ್ನು ಮೊದಲು ಜಗಳವಿಲ್ಲದ ಚೌಕಗಳಿಗೆ ಕಳಿಸುತ್ತೇನೆ. ಜಗಳವಿರುವ ಚೌಕಕ್ಕೆ ಹೇಗೂ ಯಾರಾದರೊಬ್ಬರು ಕಾವಲಿರುತ್ತಾರೆ.

ದಿಣ್ಣೆಯ ಆ ಕೇರಿಯ ಬಗ್ಗೆ ದಿಲ್ ಬಹದ್ದೂರನನ್ನು ಒಮ್ಮೆ ಕೇಳಿದೆ. ಅವನಿಗೆ ಗೊತ್ತಿತ್ತು. ಬಡವರು, ಊರು ಬಿಟ್ಟು ಎಲ್ಲಿಗೂ ಹೋದವರಲ್ಲ ಎಂದ. ಅಲ್ಲಿಂದ ಭದ್ರಾವತಿಗೆ ಯಾರೂ ಬಂದಿರಲಿಲ್ಲ.